ಫ್ಯಾಂಟಸಿ ಸಿನಿಮಾ ಸರಣಿಗಳನ್ನು ಹೋಲಿಸಿ ನೋಡೋದು ಹೇಗೆ?

ಲಾರ್ಡ್ ಆಫ್ ದ ರಿಂಗ್ಸ್ ದೊಡ್ಡದಾ, ಹ್ಯಾರಿ ಪಾಟರ್ ದೊಡ್ಡದಾ, ಬಾಹುಬಲಿ ಇವುಗಳ ಪಕ್ಕ ನಿಲ್ಲುತ್ತದಾ? ಈ ವಾದ ಶುರುವಾದರೆ ಮುಗಿಯುವುದೇ ಇಲ್ಲ. ಯಾಕಂದ್ರೆ ಒಬ್ಬರು ಗ್ರಾಫಿಕ್ಸ್ ಬಗ್ಗೆ ಮಾತಾಡುತ್ತಿರುತ್ತಾರೆ, ಇನ್ನೊಬ್ಬರು ಕಥೆ ಬಗ್ಗೆ, ಮತ್ತೊಬ್ಬರು ತಮ್ಮ ಮೆಚ್ಚಿನ ನಟನ ಬಗ್ಗೆ. ಇಡೀ ಸರಣಿಯನ್ನು ಇಡೀ ಸರಣಿಯ ಎದುರು ನಿಲ್ಲಿಸಬೇಡಿ. ಒಂದೇ ಥರದ ಕಷ್ಟ ಇರುವ ಎರಡು ಸೀನ್ ಆರಿಸಿ, ಒಂದರ ಹಿಂದೆ ಒಂದು ನೋಡಿ. ಹೀಗೆ ನೋಡಿದರೆ ನಿರ್ದೇಶನ, ನಟನೆ, ಗ್ರಾಫಿಕ್ಸ್ ಮೂರೂ ಎಲ್ಲಿ ಒಂದಕ್ಕೊಂದು ಅಂಟಿಕೊಂಡಿವೆ, ಎಲ್ಲಿ ಬಿಟ್ಟುಕೊಂಡಿವೆ ಅಂತ ಕಾಣುತ್ತದೆ.

ಸುಲಭದ ಜೋಡಿಯಿಂದ ಶುರು ಮಾಡೋಣ. ಲಾರ್ಡ್ ಆಫ್ ದ ರಿಂಗ್ಸ್‌ನ ಮೊದಲ ಭಾಗ, 2001ರ ಫೆಲೋಶಿಪ್ ಆಫ್ ದ ರಿಂಗ್‌ನಲ್ಲಿ ಮಾಂತ್ರಿಕ ಗ್ಯಾಂಡಾಲ್ಫ್, ಹಾಬಿಟ್ ಅನ್ನುವ ಗಿಡ್ಡ ಜನರಲ್ಲಿ ಒಬ್ಬನಾದ ಬಿಲ್ಬೊ ಮನೆಗೆ ಬರುವ ಸೀನ್ ತೆಗೆದುಕೊಳ್ಳಿ. ಆಮೇಲೆ ಅದಕ್ಕೂ ಮುಂಚಿನ ಕಥೆ ಹೇಳುವ ಹಾಬಿಟ್ ಸರಣಿಯ ಮೊದಲ ಸಿನಿಮಾದಲ್ಲಿ (2012) ಅದೇ ಮನೆಗೆ 13 ಕುಳ್ಳರು ಊಟಕ್ಕೆ ನುಗ್ಗುವ ಸೀನ್. ಅದೇ ಮನೆ, ಅದೇ ನಿರ್ದೇಶಕ ಪೀಟರ್ ಜಾಕ್ಸನ್, ಗ್ಯಾಂಡಾಲ್ಫ್ ಆಗಿ ಅದೇ ಇಯಾನ್ ಮೆಕೆಲನ್. ಚಿತ್ರೀಕರಣದ ದಾರಿ ಮಾತ್ರ ಪೂರ್ತಿ ಬೇರೆ.

ಎರಡರಲ್ಲೂ ಇರುವ ಕಷ್ಟ ಒಂದೇ: ಮಾಮೂಲಿ ಎತ್ತರದ ನಟರಲ್ಲಿ ಕೆಲವರು ತೀರಾ ಗಿಡ್ಡ ಕಾಣಬೇಕು. 2001ರ ಸಿನಿಮಾಗೆ ಮನೆಯ ಸೆಟ್ಟನ್ನೇ ಎರಡು ಅಳತೆಯಲ್ಲಿ ಕಟ್ಟಿದರು, ಗ್ಯಾಂಡಾಲ್ಫ್‌ಗೆ ಇಕ್ಕಟ್ಟಾದದ್ದು, ಹಾಬಿಟ್‌ಗಳಿಗೆ ವಿಶಾಲವಾದದ್ದು. ಕೆಲವು ಶಾಟ್‌ಗಳಲ್ಲಿ ಒಬ್ಬರನ್ನು ಕ್ಯಾಮೆರಾ ಹತ್ತಿರ, ಇನ್ನೊಬ್ಬರನ್ನು ದೂರ ಕೂರಿಸಿ, ಇಬ್ಬರೂ ಒಂದೇ ಮೇಜಿನ ಮುಂದೆ ಇದ್ದಾರೆ ಅನ್ನಿಸುವ ಹಾಗೆ ಹೊಂದಿಸಿದರು. ಕ್ಯಾಮೆರಾ ಸರಿದರೆ ನಟ ಕೂತ ಜಾಗವೂ ಜೊತೆಗೇ ಸರಿಯುತ್ತಿತ್ತು. ಗ್ಯಾಂಡಾಲ್ಫ್ ತೊಲೆಗೆ ಹಣೆ ಬಡಿದುಕೊಳ್ಳುತ್ತಾನಲ್ಲ, ಅದು ಮೆಕೆಲನ್‌ಗೆ ನಿಜವಾಗಿಯೂ ಬಿದ್ದ ಪೆಟ್ಟು. ಜಾಕ್ಸನ್ ಅದನ್ನು ಹಾಗೇ ಉಳಿಸಿಕೊಂಡರು. ತೊಲೆ ನಿಜವಾಗಿ ಅಲ್ಲಿದ್ದದ್ದರಿಂದಲೇ ಆ ಕ್ಷಣ ಸಿಕ್ಕಿತು.

ಹಾಬಿಟ್ ತೆಗೆದದ್ದು ತ್ರೀಡಿಯಲ್ಲಿ. ಅಲ್ಲಿ ಯಾರು ಹತ್ತಿರ, ಯಾರು ದೂರ ಅಂತ ಕಣ್ಣಿಗೆ ಗೊತ್ತಾಗಿಬಿಡುತ್ತದೆ, ಹಳೆ ಉಪಾಯ ನಡೆಯುವುದಿಲ್ಲ. ಹಾಗಾಗಿ ಕುಳ್ಳರ ಪಾತ್ರದವರೆಲ್ಲ ಒಂದು ಸೆಟ್‌ನಲ್ಲಿ, ಮೆಕೆಲನ್ ಒಬ್ಬರೇ ಬೇರೆ ಕಡೆ ಹಸಿರು ಸೆಟ್‌ನಲ್ಲಿ. ಕಿವಿಯೊಳಗೆ ಅವರ ದನಿ, ಎದುರಿಗೆ ಅವರ ಫೋಟೋಗಳು. ಆ ದಿನಗಳಲ್ಲಿ ಬೇಸರಕ್ಕೆ ಅತ್ತುಬಿಟ್ಟೆ ಅಂತ ಮೆಕೆಲನ್ ಅವರೇ ಹೇಳಿಕೊಂಡಿದ್ದಾರೆ.

ಈಗ ಎರಡೂ ಸೀನನ್ನು ಮೊದಲು ದನಿ ಬಂದ್ ಮಾಡಿ ನೋಡಿ. ಗ್ಯಾಂಡಾಲ್ಫ್‌ನ ಕಣ್ಣು ಎಲ್ಲಿ ನಿಲ್ಲುತ್ತದೆ, ಎದುರಿಗಿರುವವರ ಮುಖದ ಮೇಲಾ, ಮುಖ ಇರಬೇಕಾದ ಜಾಗದ ಮೇಲಾ? ಯಾರಾದರೂ ಯಾರನ್ನಾದರೂ ಮುಟ್ಟುತ್ತಾರಾ? ಒಬ್ಬರ ಕೈಯಿಂದ ಒಬ್ಬರ ಕೈಗೆ ವಸ್ತು ಹೋಗುತ್ತದಾ, ಇಲ್ಲಾ ನಡುವೆ ಕಟ್ ಬೀಳುತ್ತದಾ? ತಾಂತ್ರಿಕವಾಗಿ 2012ರ ಸೀನ್ ಜಾಸ್ತಿ ಅಚ್ಚುಕಟ್ಟು. ಆದರೂ ನನಗೆ ಬಿಲ್ಬೊ, ಗ್ಯಾಂಡಾಲ್ಫ್ ಇಬ್ಬರೂ ಹಳೇ ಗೆಳೆಯರು ಅನ್ನಿಸುವುದು 2001ರ ಸೀನ್‌ನಲ್ಲೇ.

ನಟನೆ ಹೋಲಿಸುವಾಗ ಮೂಲ ಭಾಷೆಯಲ್ಲೇ ನೋಡಿ, ಸಬ್‌ಟೈಟಲ್ ಹಾಕಿಕೊಂಡರೂ ಪರವಾಗಿಲ್ಲ. ಡಬ್ಬಿಂಗ್‌ನಲ್ಲಿ ಅರ್ಧ ನಟನೆ ಬೇರೆಯವರದ್ದು. ಲಾರ್ಡ್ ಆಫ್ ದ ರಿಂಗ್ಸ್‌ನಲ್ಲಿ ಗ್ರಾಫಿಕ್ಸ್‌ನಿಂದ ಮೂಡಿದ ಪಾತ್ರ ಗೊಲ್ಲಮ್ ವಿಷಯದಲ್ಲಂತೂ ಇದು ತುಂಬಾ ಮುಖ್ಯ, ಆ ದನಿ ಹುಟ್ಟಿದ್ದೇ ಆಂಡಿ ಸರ್ಕಿಸ್ ಅವರ ಗಂಟಲಿನಿಂದ. ಆ ಸರಣಿಯ ಎರಡನೇ ಭಾಗ, 2002ರ ಟೂ ಟವರ್ಸ್‌ಗಾಗಿ ಅವರು ಸೆಟ್‌ನಲ್ಲಿ ಉಳಿದ ನಟರ ಜೊತೆ ಉರುಳಾಡಿ ನಟಿಸಿದರು. ಆಮೇಲೆ ಸ್ಟುಡಿಯೋದಲ್ಲಿ ಅದೇ ಚಲನೆಯನ್ನು ಮತ್ತೆ ಮಾಡಿ ಮೋಷನ್ ಕ್ಯಾಪ್ಚರ್‌ಗೆ, ಅಂದರೆ ನಟನ ಮೈ ಚಲನೆಯನ್ನು ಕಂಪ್ಯೂಟರ್‌ಗೆ ದಾಖಲಿಸುವ ವಿಧಾನಕ್ಕೆ, ಕೊಟ್ಟರು. ಮುಖವನ್ನು ಮಾತ್ರ ವೇಟಾ ಸಂಸ್ಥೆಯ ಆನಿಮೇಟರ್‌ಗಳು ಅವರ ಮುಖ ನೋಡಿಕೊಂಡು ಕೈಯಾರೆ ಮೂಡಿಸಿದರು. ಹಾಗಾಗಿ ಅದು ಬರೀ ಗ್ರಾಫಿಕ್ಸ್ ಅನ್ನುವುದೂ ತಪ್ಪು, ಪೂರ್ತಿ ಸರ್ಕಿಸ್ ಒಬ್ಬರದ್ದೇ ಅನ್ನುವುದೂ ತಪ್ಪು.

ಗೊಲ್ಲಮ್ ತನ್ನ ಜೊತೆ ತಾನೇ ಜಗಳವಾಡುವ ಸೀನ್ ಇದೆಯಲ್ಲ, ಅದನ್ನು ನಿಧಾನಕ್ಕೆ ನೋಡಿ. ಮೊದಲು ಕ್ಯಾಮೆರಾ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಸರಿಯುತ್ತದೆ, ಒಬ್ಬನೇ ಇದ್ದಾನೆ ಅಂತ ನಮಗೆ ಗೊತ್ತು. ಸ್ವಲ್ಪ ಹೊತ್ತಿಗೆ ಕಟ್ ಶುರುವಾಗುತ್ತದೆ, ಇಬ್ಬರು ಎದುರುಬದುರು ಕೂತು ಮಾತಾಡುವಾಗ ಹೇಗೆ ಕಟ್ ಮಾಡುತ್ತಾರೋ ಹಾಗೆ. ಅಷ್ಟೇ. ಹೊಸ ಗ್ರಾಫಿಕ್ಸ್ ಏನೂ ಸೇರಿಲ್ಲ, ಆದರೆ ನಮ್ಮ ಕಣ್ಣೆದುರು ಇಬ್ಬರು ಬಂದುಬಿಟ್ಟರು! ಇದು ನಿರ್ದೇಶನದ ಕೆಲಸ. ಅದನ್ನು ಹೊತ್ತು ನಿಂತದ್ದು ನಟನೆ, ಕಾಣುವ ಹಾಗೆ ಮಾಡಿದ್ದು ಗ್ರಾಫಿಕ್ಸ್. ಅದೇ ವರ್ಷ ಎರಡನೇ ಹ್ಯಾರಿ ಪಾಟರ್‌ನಲ್ಲಿ ಬಂದ ಗ್ರಾಫಿಕ್ಸ್ ಪಾತ್ರ ಡಾಬಿಯನ್ನು ಪಕ್ಕಕ್ಕಿಟ್ಟು ನೋಡಿ. ಟೋಬಿ ಜೋನ್ಸ್ ಕೊಟ್ಟ ದನಿ ಮುದ್ದಾಗಿದೆ. ಆದರೆ ಹ್ಯಾರಿ ಹಾಸಿಗೆ ಮೇಲೆ ಡಾಬಿ ಕುಣಿದಾಡುವಾಗ ಕೋಣೆಯೊಳಗೆ ಒಂದು ಮೈ ಇದೆ, ಅದಕ್ಕೊಂದು ತೂಕ ಇದೆ ಅಂತ ನಿಮಗೆ ಅನ್ನಿಸುತ್ತದಾ? ನನಗೆ ಅಷ್ಟಾಗಿ ಅನ್ನಿಸುವುದಿಲ್ಲ.

ಯುದ್ಧದ ಸೀನ್‌ಗಳಿಗೆ ಒಂದೇ ಪರೀಕ್ಷೆ ಸಾಕು. ಮಧ್ಯದಲ್ಲಿ ಎಲ್ಲಾದರೂ ನಿಲ್ಲಿಸಿ, ಯಾರು ಎಲ್ಲಿದ್ದಾರೆ, ಈಗ ಏನು ಕಳೆದುಕೊಳ್ಳಲಿದ್ದಾರೆ ಅಂತ ಪಕ್ಕದವರಿಗೆ ಹೇಳಿ. ಟೂ ಟವರ್ಸ್‌ನ ಹೆಲ್ಮ್ಸ್ ಡೀಪ್ ಕೋಟೆಯ ಕಾಳಗದಲ್ಲಿ ಇದನ್ನು ಸಲೀಸಾಗಿ ಹೇಳಬಹುದು. ಗೋಡೆ ಎಲ್ಲಿ, ಅದರ ಬುಡದ ಚರಂಡಿ ಎಲ್ಲಿ ಅಂತ ಮೊದಲೇ ತಿಳಿಸಿರುತ್ತಾರೆ. ಮೊದಲ ಬಾಣ ಒಬ್ಬ ಮುದುಕನ ಕೈ ಸೋತು ತಾನಾಗೇ ಹಾರುತ್ತದೆ. ದೂರದಲ್ಲಿ ಕಾಣುವ ಸಾವಿರಾರು ಸೈನಿಕರನ್ನು ಮ್ಯಾಸಿವ್ ಅನ್ನುವ ಸಾಫ್ಟ್‌ವೇರ್ ಓಡಿಸಿದೆ. ಅದನ್ನು ಈ ಸಿನಿಮಾಗಳಿಗಾಗಿಯೇ ಸ್ಟೀಫನ್ ರೆಗೆಲಸ್ ಬರೆದರು. ಆದರೆ ನಮಗೆ ಭಯವಾಗುವುದು ಆ ಮುದುಕನಿಂದ. 2014ರ ಮೂರನೇ ಹಾಬಿಟ್‌ನ ಕಾಳಗದಲ್ಲಿ ಸೈನ್ಯ ಇನ್ನೂ ಜಾಸ್ತಿ, ನನಗೆ ದಿಕ್ಕೇ ತಿಳಿಯುವುದಿಲ್ಲ.

ಹಾಗಂತ ಸುಮ್ನೆ ಗ್ರಾಫಿಕ್ಸ್ ಮಾಡಿದವರನ್ನು ಬೈಯಬೇಡಿ, ಇದನ್ನು ದಯವಿಟ್ಟು ನೆನಪಿಡಿ. ಹಾಬಿಟ್ ಅನ್ನು ಮೊದಲು ನಿರ್ದೇಶಿಸಬೇಕಿದ್ದದ್ದು ಗಿಯೆರ್ಮೊ ಡೆಲ್ ಟೊರೊ. ಅವರು 2010ರಲ್ಲಿ ಬಿಟ್ಟರು, ಜಾಕ್ಸನ್ ವಹಿಸಿಕೊಂಡರು. ಮೊದಲ ಸರಣಿಗೆ ವರ್ಷಗಟ್ಟಲೆ ಸಿಕ್ಕಿದ್ದ ತಯಾರಿ ಇಲ್ಲಿ ಸಿಗಲಿಲ್ಲ ಅಂತ ಅವರೇ ಒಪ್ಪಿಕೊಂಡಿದ್ದಾರೆ. ತೆರೆಯ ಮೇಲೆ ಕಳಪೆ ಗ್ರಾಫಿಕ್ಸ್ ಅಂತ ಕಾಣುವುದು ಎಷ್ಟೋ ಸಲ ಸಮಯ ಸಾಲದೇ ಹೋದದ್ದರ ಗುರುತು. ಯಾವ ಶಾಟ್ ಬೇಕು ಅಂತ ತಡವಾಗಿ ನಿರ್ಧಾರವಾದರೆ ಕಂಪ್ಯೂಟರ್ ಮುಂದೆ ಕೂತವರು ಏನು ಮಾಡಲು ಸಾಧ್ಯ?

ನಿರ್ದೇಶನವನ್ನು ಮಾತ್ರ ಬಿಡಿಸಿ ನೋಡಬೇಕೆಂದರೆ ಹ್ಯಾರಿ ಪಾಟರ್‌ಗಿಂತ ಒಳ್ಳೆಯ ಸರಣಿ ಇಲ್ಲ. 2001ರಿಂದ 2011ರವರೆಗೆ 8 ಸಿನಿಮಾ, 4 ನಿರ್ದೇಶಕರು, ಮುಖ್ಯ ಮಕ್ಕಳು ಅವರೇ. ಹ್ಯಾರಿಯ ಶಾಲೆಯ ಮುಖ್ಯಸ್ಥ ಡಂಬಲ್‌ಡೋರ್ ಪಾತ್ರವನ್ನು ಮೊದಲು ಮಾಡಿದ ರಿಚರ್ಡ್ ಹ್ಯಾರಿಸ್ 2002ರಲ್ಲಿ ತೀರಿಕೊಂಡರು, ಮೂರನೆಯದರಿಂದ ಮೈಕಲ್ ಗ್ಯಾಂಬನ್ ಬಂದರು. ಹ್ಯಾರಿಸ್ ಮೆಲುದನಿಯವರು, ಗ್ಯಾಂಬನ್ ಅಬ್ಬರದವರು ಅಂತ ಎಲ್ಲರೂ ಹೇಳುತ್ತಾರೆ. 2005ರಲ್ಲಿ ಮೈಕ್ ನ್ಯೂವೆಲ್ ನಿರ್ದೇಶಿಸಿದ ನಾಲ್ಕನೆಯದರಲ್ಲಿ ಗ್ಯಾಂಬನ್ ನುಗ್ಗಿ ಬಂದು ಹ್ಯಾರಿಯನ್ನು ಹಿಡಿದು ಅಲ್ಲಾಡಿಸಿ ಕೇಳುತ್ತಾರೆ, ಸ್ಪರ್ಧೆಗೆ ಹೆಸರು ಹಾಕುವ ಬೆಂಕಿಯ ಬಟ್ಟಲಿಗೆ ನಿನ್ನ ಹೆಸರು ನೀನೇ ಹಾಕಿದೆಯಾ ಅಂತ. ಕಾದಂಬರಿಯಲ್ಲಿ ಡಂಬಲ್‌ಡೋರ್ ಅದೇ ಪ್ರಶ್ನೆಯನ್ನು ಶಾಂತವಾಗಿ ಕೇಳುತ್ತಾನೆ. ಓದುಗರು ಗ್ಯಾಂಬನ್ ಮೇಲೆ ಮುಗಿಬಿದ್ದರು. ಈಗ 2009ರ ಆರನೆಯದನ್ನು ಹಾಕಿ, ನಿರ್ದೇಶಕ ಡೇವಿಡ್ ಯೇಟ್ಸ್. ಅದೇ ಗ್ಯಾಂಬನ್ ಎಷ್ಟು ತಗ್ಗಿ, ದಣಿದು, ಅಕ್ಕರೆಯಿಂದ ಮಾತಾಡುತ್ತಾರೆ ನೋಡಿ. ನಾಲ್ಕನೆಯದರ ಅಬ್ಬರವನ್ನು ನಟನೊಬ್ಬನ ತಲೆಗೆ ಕಟ್ಟುವುದು ನ್ಯಾಯ ಅಲ್ಲ ಅಂತ ಆಗ ಗೊತ್ತಾಗುತ್ತದೆ.

ಬಾಹುಬಲಿಯನ್ನು ಹಾಲಿವುಡ್ ಜೊತೆ ಹೋಲಿಸುವಾಗ ಖರ್ಚಿನ ಲೆಕ್ಕ ತರಬೇಡಿ, ಅದರಿಂದ ಏನೂ ತಿಳಿಯುವುದಿಲ್ಲ. ರಾಯಚೂರು ಜಿಲ್ಲೆಯಲ್ಲಿ ಹುಟ್ಟಿದ ರಾಜಮೌಳಿ ಇದ್ದ ಹಣದಲ್ಲಿ ಗ್ರಾಫಿಕ್ಸ್ ಹತ್ತಿರ ಏನು ಕೆಲಸ ಮಾಡಿಸಿಕೊಂಡರು ಅಂತ ನೋಡಿ. 2015ರ ಮೊದಲ ಭಾಗದಲ್ಲಿ ಭಲ್ಲಾಳದೇವನ ದೊಡ್ಡ ಪ್ರತಿಮೆ ನಿಲ್ಲಿಸುವ ಸೀನ್ ತೆಗೆದುಕೊಳ್ಳಿ. ಪ್ರತಿಮೆಯನ್ನೇ ದಿಟ್ಟಿಸಿದರೆ ಅದು ಗ್ರಾಫಿಕ್ಸ್ ಅಂತ ತಿಳಿಯುತ್ತದೆ. ಆದರೆ ಕ್ಯಾಮೆರಾ ನಮ್ಮನ್ನು ಹಗ್ಗ ಎಳೆಯುವವರ ಹತ್ತಿರ ಕರೆದೊಯ್ಯುತ್ತದೆ, ಪ್ರತಿಮೆ ವಾಲಿದಾಗ ಅಪಾಯ ಬರುವುದು ಅವರ ಮೇಲೆ. ಪ್ರಭಾಸ್ ಹಗ್ಗ ಹಿಡಿದ ಮೇಲೆ ಒಬ್ಬರಿಂದ ಒಬ್ಬರಿಗೆ ಬಾಹುಬಲಿ ಅನ್ನುವ ಹೆಸರು ಹಬ್ಬುತ್ತದೆ, ಅದು ಭಲ್ಲಾಳದೇವನ ಕಿವಿಗೂ ಬೀಳುತ್ತದೆ, ಆಗ ರಾಣಾ ಮುಖ ನೋಡಿ. ಹೊಸ ಪ್ರತಿಮೆಗಿಂತ ಸತ್ತವನ ಹೆಸರು ದೊಡ್ಡದಾಯಿತು. ಒಂದೊಂದು ಎಲೆ, ಒಂದೊಂದು ಕಲ್ಲು ಎಷ್ಟು ನಿಜವಾಗಿದೆ ಅಂತ ನೋಡಿದರೆ ಲಾರ್ಡ್ ಆಫ್ ದ ರಿಂಗ್ಸ್ ಮುಂದಿದೆ. ಆದರೆ ಒಂದು ಗ್ರಾಫಿಕ್ಸ್ ವಸ್ತುವಿನಿಂದ ಕಥೆಯನ್ನು ಇಷ್ಟು ದೂರ ತಳ್ಳಿದ ಸೀನ್ ಮೂರೂ ಹಾಬಿಟ್‌ಗಳಲ್ಲಿ ನನಗೆ ಒಂದೇ ಸಿಕ್ಕಿತು, ಬಿಲ್ಬೊ ಮತ್ತು ಗೊಲ್ಲಮ್ ಒಗಟು ಹೇಳುವ ಸೀನ್. ಅದರಲ್ಲಿ ಬಿಲ್ಬೊ ಪಾತ್ರದ ಮಾರ್ಟಿನ್ ಫ್ರೀಮನ್, ಸರ್ಕಿಸ್ ಇಬ್ಬರೂ ಒಂದೇ ಸೆಟ್‌ನಲ್ಲಿ ಎದುರುಬದುರಾಗೇ ನಟಿಸಿದ್ದು. ಮುಂದಿನ ಜೋಡಿಯಾಗಿ ಇವೆರಡನ್ನೇ ಹಾಕಿ ನೋಡಿ: ಪ್ರತಿಮೆಯ ಸೀನ್, ಒಗಟಿನ ಸೀನ್. ಮೊದಲು ದನಿ ಇಲ್ಲದೆ, ಆಮೇಲೆ ದನಿ ಹಾಕಿಕೊಂಡು.