ಒಂದು ಸೂಚನೆ ಹಾಕೋಕೆ 19 ಮೆನು ಯಾಕೆ?

ಕೆಲವು ವರ್ಷದ ಹಿಂದೆ ಒಂದು ಶಾಲೆಗೆ ವೆಬ್‌ಸೈಟ್ ಮಾಡಿಕೊಟ್ಟಿದ್ದೆ. ನೋಡೋಕೆ ಚೆನ್ನಾಗಿತ್ತು. ಆಡಳಿತ ಮಂಡಳಿಯವರು ಖುಷಿಪಟ್ಟರು, ದುಡ್ಡೂ ಸರಿಯಾಗಿ ಕೊಟ್ಟರು. ಆದರೆ ವಾರಕ್ಕೆ ಎರಡು ಸಲವಾದರೂ ಆಫೀಸಿನ ಮೇಡಂ ಫೋನ್ ಬರುತ್ತಿತ್ತು. ‘ಸರ್, ನೋಟಿಸು ಹಾಕಿದೀನಿ, ಕಾಣ್ತಾನೇ ಇಲ್ಲ.’ ನಾನು ಮನೆಯಿಂದಲೇ ಲಾಗಿನ್ ಆಗಿ ಸರಿಮಾಡುತ್ತಿದ್ದೆ. ಎಷ್ಟು ಸಲ ಹೇಳಿಕೊಡೋದಪ್ಪ ಅಂತ ಒಳಗೊಳಗೇ ಗೊಣಗುತ್ತಿದ್ದೆ.

ಒಂದು ದಿನ ಅವರ ಪಕ್ಕದಲ್ಲೇ ಕೂತು ನೋಡಿದೆ. ಗೊಣಗಾಟ ಅಲ್ಲಿಗೆ ನಿಂತಿತು. ಎಡಗಡೆ ಮೆನುವಿನಲ್ಲಿ 19 ಸಾಲು. ಸೈಟ್ ನಡೆಸುವ ತಂತ್ರಾಂಶವಾದ ವರ್ಡ್‌ಪ್ರೆಸ್ ಹೊಸದಾಗಿ ಹಾಕಿದಾಗ ಅಡ್ಮಿನ್‌ಗೆ (ಎಲ್ಲ ಅಧಿಕಾರ ಇರುವ ಖಾತೆಗೆ) ಕಾಣುವುದು ಡ್ಯಾಶ್‌ಬೋರ್ಡ್‌ನಿಂದ ಸೆಟ್ಟಿಂಗ್ಸ್‌ವರೆಗೆ 10. ಉಳಿದ 9 ನಾನು ಹಾಕಿದ ಪ್ಲಗಿನ್‌ಗಳದು, ಅಂದರೆ ಹೆಚ್ಚಿನ ಸೌಲಭ್ಯಕ್ಕೆ ಸೇರಿಸುವ ಸಣ್ಣ ತಂತ್ರಾಂಶಗಳದು. ಅದರ ಮೇಲೆ ‘ಪ್ರೊ ವರ್ಷನ್ ಕೊಳ್ಳಿ’, ‘ನಮಗೆ 5 ಸ್ಟಾರ್ ಕೊಡಿ’ ಅನ್ನುವ ಪಟ್ಟಿಗಳು. ಮೇಡಂಗೆ ಬೇಕಿದ್ದದ್ದು ಒಂದೇ ಕೆಲಸ: ‘ನಾಳೆ ರಜೆ’ ಅಂತ ಹಾಕುವುದು.

ಈ ಲೇಖನ ವರ್ಡ್‌ಪ್ರೆಸ್ ಇಟ್ಟುಕೊಂಡು ಬರೆದದ್ದು. 2003ರಲ್ಲಿ ಶುರುವಾದ ಈ ತಂತ್ರಾಂಶದ ಮೇಲೆ ಇವತ್ತು ಜಗತ್ತಿನ ಶೇ 40ಕ್ಕೂ ಜಾಸ್ತಿ ವೆಬ್‌ಸೈಟ್‌ಗಳು ನಡೆಯುತ್ತಿವೆ. ನಿಮ್ಮ ಸಂಘದ್ದೋ ಶಾಲೆಯದ್ದೋ ಅಂಗಡಿಯದ್ದೋ ಸೈಟ್ ಇದ್ದರೆ ಅದೂ ಇದೇ ಆಗಿರುವ ಸಾಧ್ಯತೆ ಜಾಸ್ತಿ. ಇದೇ ಥರದ ಡ್ರುಪಾಲ್, ಜೂಮ್ಲಾ ಇದ್ದರೆ ಹೆಸರುಗಳು ಬೇರೆ, ಪಾಡು ಅದೇ.

ಮೊದಲು ಪಕ್ಕದಲ್ಲಿ ಕೂರಿ

ಏನನ್ನೂ ಬದಲಾಯಿಸುವ ಮೊದಲು, ದಿನಾ ಸೈಟ್ ನೋಡಿಕೊಳ್ಳುವವರ ಪಕ್ಕ ಅರ್ಧ ಗಂಟೆ ಕೂರಿ. ಒಂದು ಕೆಲಸ ಹೇಳಿ: ‘ಶನಿವಾರ ಪೋಷಕರ ಸಭೆ ಇದೆ ಅಂತ ಹಾಕಿ ಮೇಡಂ.’ ಆಮೇಲೆ ಬಾಯಿ ಮುಚ್ಚಿಕೊಂಡಿರಿ. ಇದೇ ಕಷ್ಟದ ಭಾಗ. ಅವರು ತಪ್ಪು ಜಾಗ ಒತ್ತಿದಾಗ ಕೈ ಚಾಚಿ ಮೌಸ್ ಕಿತ್ತುಕೊಳ್ಳಬೇಕು ಅನ್ನಿಸುತ್ತದೆ. ಬೇಡ. ಎಲ್ಲಿ ತಡವರಿಸಿದರು, ಯಾವ ಪದ ಓದಿ ಹುಬ್ಬು ಗಂಟಿಕ್ಕಿದರು, ಅಷ್ಟನ್ನೇ ಒಂದು ಚೀಟಿಯಲ್ಲಿ ಬರೆದುಕೊಳ್ಳಿ.

ಬಹಳ ಜನ ಬೇಕಿಲ್ಲ. ಐದು ಜನರನ್ನು ಕೂರಿಸಿದರೆ ದೊಡ್ಡ ತೊಡಕುಗಳಲ್ಲಿ ಬಹುಪಾಲು ಗೊತ್ತಾಗುತ್ತವೆ ಅಂತ ಬಳಕೆಯ ಸುಲಭತೆ ಪರೀಕ್ಷಿಸುವ ತಜ್ಞ ಯಾಕೋಬ್ ನೀಲ್ಸನ್ 2000ದಲ್ಲೇ ಬರೆದಿದ್ದರು. ಸಣ್ಣ ಆಫೀಸಿನಲ್ಲಿ ಐದು ಜನ ಎಲ್ಲಿಂದ ಬರಬೇಕು? ಇಬ್ಬರಾದರೂ ಸಾಕು.

ನನ್ನ ಚೀಟಿಯಲ್ಲಿ ಅವತ್ತು ಬಿದ್ದದ್ದು ಹೀಗಿತ್ತು. ಮೇಡಂ ‘ಪೋಸ್ಟ್ಸ್’ (ಸುದ್ದಿ, ಸೂಚನೆ ಹಾಕುವ ಜಾಗ) ಬಿಟ್ಟು ‘ಪೇಜಸ್’ (ಬದಲಾಗದ ಪುಟಗಳ ಜಾಗ) ಒತ್ತಿದರು. ಯಾಕೆ ಅಂದರೆ, ‘ನೋಟಿಸು ಒಂದು ಪೇಜೇ ಅಲ್ವಾ ಸರ್?’ ನನ್ನ ಹತ್ತಿರ ಉತ್ತರ ಇರಲಿಲ್ಲ. ಬರೆಯುವ ಪುಟ ತೆರೆದ ತಕ್ಷಣ ಎಡಗಡೆ ಮೆನು ಮಾಯವಾಯಿತು. 2020ರ ಮಾರ್ಚ್‌ನಲ್ಲಿ ಬಂದ 5.4 ಆವೃತ್ತಿಯಿಂದ ಬರೆಯುವ ಪುಟ ಪೂರ್ತಿ ಪರದೆ ತುಂಬಿಕೊಂಡೇ ತೆರೆಯುತ್ತದೆ. ವಾಪಸ್ ಬರುವ ದಾರಿ ಮೇಲೆ ಎಡಮೂಲೆಯಲ್ಲಿರುವ ಲೋಗೊ. ಲೋಗೊ ಒತ್ತಬೇಕು ಅಂತ ಯಾರಿಗೆ ಹೊಳೆಯಬೇಕು? ಅವರು ಪ್ರತಿಸಲ ಬ್ರೌಸರ್ ಮುಚ್ಚಿ, ಮತ್ತೆ ತೆರೆದು, ಮತ್ತೆ ಪಾಸ್‌ವರ್ಡ್ ಹಾಕಿ ಒಳಗೆ ಬರುತ್ತಿದ್ದರಂತೆ. ತಿಂಗಳುಗಟ್ಟಲೆ!

ಕೊನೆಗೆ ‘ಪಬ್ಲಿಷ್’ ಒತ್ತಿದರು. ‘ಆಯ್ತು ಸರ್’ ಅಂದರು. ಆಗಿರಲಿಲ್ಲ. ಮೊದಲ ಸಲ ಒತ್ತಿದಾಗ ಬಲಗಡೆ ಒಂದು ಪಟ್ಟಿ ತೆರೆದು, ನಿಜವಾಗಿ ಪ್ರಕಟಿಸಬೇಕಾ ಅಂತ ಕೇಳುತ್ತದೆ. ಅಲ್ಲಿ ಇನ್ನೊಂದು ‘ಪಬ್ಲಿಷ್’ ಬಟನ್ ಇದೆ. ಒಮ್ಮೆ ಒತ್ತಿ ಎದ್ದುಹೋದರೆ ನೋಟಿಸು ಪ್ರಕಟವಾಗದೆ ಡ್ರಾಫ್ಟ್ (ಕರಡು) ಆಗಿಯೇ ಕೂತಿರುತ್ತದೆ. ನನಗೆ ಬರುತ್ತಿದ್ದ ಫೋನುಗಳಲ್ಲಿ ಅರ್ಧ ಇದಕ್ಕೇ.

ಸಣ್ಣ ರಿಪೇರಿ, 10 ನಿಮಿಷದ ಕೆಲಸ

ಮೆನು ಮಾಯವಾಗುವುದು, ಎರಡು ಸಲ ‘ಪಬ್ಲಿಷ್’ ಒತ್ತುವುದು, ಈ ಎರಡನ್ನು ಸರಿಮಾಡೋಕೆ ಕೋಡ್ ಬರೆಯಬೇಕಿಲ್ಲ. ಬರೆಯುವ ಪುಟದ ಮೇಲೆ ಬಲಮೂಲೆಯಲ್ಲಿ ಮೂರು ಚುಕ್ಕಿ ಇರುತ್ತದೆ. ಅದನ್ನು ಒತ್ತಿ ‘ಫುಲ್‌ಸ್ಕ್ರೀನ್ ಮೋಡ್’ ಆಫ್ ಮಾಡಿ. ಅಲ್ಲೇ ಕೆಳಗೆ ‘ಪ್ರಿಫರೆನ್ಸಸ್’ ಒಳಗೆ ಹೋದರೆ ಪ್ರಕಟಣೆಗೆ ಮುಂಚಿನ ಪರಿಶೀಲನೆಯನ್ನೂ ಆಫ್ ಮಾಡಬಹುದು. ಇವು ಒಬ್ಬೊಬ್ಬರ ಖಾತೆಗೂ ಬೇರೆ ಬೇರೆ. ಹಾಗಾಗಿ ನಿಮ್ಮ ಲಾಗಿನ್‌ನಲ್ಲಿ ಮಾಡಿದರೆ ಉಪಯೋಗವಿಲ್ಲ, ಅವರ ಲಾಗಿನ್‌ನಲ್ಲೇ ಮಾಡಿ.

ಪರಿಶೀಲನೆ ತೆಗೆಯುವುದು ಸರಿಯಾ ಅಂತ ಕೇಳಬಹುದು. ಸುದ್ದಿ ಸೈಟ್ ಆದರೆ ನಾನು ತೆಗೆಯುವುದಿಲ್ಲ. ಶಾಲೆ ನೋಟಿಸಿನಲ್ಲಿ ಒಂದಕ್ಷರ ತಪ್ಪಿದರೆ ಮತ್ತೆ ತಿದ್ದಿದರಾಯಿತು. ನೋಟಿಸೇ ಕಾಣದಿದ್ದರೆ ಮಕ್ಕಳು ರಜೆ ದಿನ ಗೇಟಿನ ಹತ್ತಿರ ನಿಂತಿರುತ್ತಾರೆ.

ಇನ್ನೊಂದು ಹತ್ತು ನಿಮಿಷದ ಕೆಲಸ: ಸಮಯ. ಸೆಟ್ಟಿಂಗ್ಸ್‌ನ ಜನರಲ್ ಪುಟದಲ್ಲಿ ಟೈಮ್‌ಝೋನ್ ನೋಡಿ. ಯಾರೂ ಮುಟ್ಟಿಲ್ಲದಿದ್ದರೆ ಸಾಮಾನ್ಯವಾಗಿ ಅದು ಯುಟಿಸಿಯಲ್ಲಿ (ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ಇರುತ್ತದೆ. ಬೆಳಿಗ್ಗೆ 6ಕ್ಕೆ ಬರಲಿ ಅಂತ ಇಟ್ಟ ಸೂಚನೆ ನಮ್ಮ ಗಡಿಯಾರದಲ್ಲಿ 11.30ಕ್ಕೆ ಬರುತ್ತದೆ. ಪಟ್ಟಿಯಲ್ಲಿ ಏಷ್ಯಾದ ಕೆಳಗೆ ಕೋಲ್ಕತ್ತಾ ಆರಿಸಿ. ಬೆಂಗಳೂರು ಹುಡುಕಬೇಡಿ, ಇಲ್ಲ.

ಯಾರಿಗೆ ಯಾವ ಬೀಗದ ಕೈ

ನಮ್ಮಲ್ಲಿ ಎಲ್ಲರಿಗೂ ಅಡ್ಮಿನ್ ಲಾಗಿನ್ ಕೊಡುವ ಅಭ್ಯಾಸ. ಒಂದೇ ಪಾಸ್‌ವರ್ಡ್, ಅದೂ ಮಾನಿಟರ್ ಮೇಲೆ ಅಂಟಿಸಿದ್ದು. ನಾನೂ ಹಾಗೇ ಕೊಟ್ಟಿದ್ದೆ. ಮನೆ ಬಾಡಿಗೆಗೆ ಬಂದವರಿಗೆ ಮೀಟರ್ ಬೋರ್ಡಿನ ಫ್ಯೂಸ್ ಕ್ಯಾರಿಯರ್ ಕೂಡ ಕೈಗೆ ಕೊಟ್ಟ ಹಾಗೆ.

ವರ್ಡ್‌ಪ್ರೆಸ್‌ನಲ್ಲಿ ಸಾಮಾನ್ಯವಾಗಿ ಐದು ದರ್ಜೆ ಇವೆ. ಅಡ್ಮಿನಿಸ್ಟ್ರೇಟರ್ ಎಲ್ಲವನ್ನೂ ಮಾಡಬಹುದು. ಎಡಿಟರ್ ಯಾರ ಬರಹವನ್ನಾದರೂ, ಪೇಜುಗಳನ್ನೂ ತಿದ್ದಿ ಪ್ರಕಟಿಸಬಹುದು. ಆಥರ್ ತನ್ನದನ್ನು ಮಾತ್ರ ಪ್ರಕಟಿಸಬಹುದು, ಫೈಲು ಹಾಕಬಹುದು. ಕಾಂಟ್ರಿಬ್ಯೂಟರ್ ಬರೆಯಬಹುದು, ಪ್ರಕಟಿಸುವಂತಿಲ್ಲ, ಫೋಟೊ ಕೂಡ ಹಾಕುವಂತಿಲ್ಲ. ಸಬ್‌ಸ್ಕ್ರೈಬರ್‌ಗೆ ತನ್ನ ಪ್ರೊಫೈಲ್ ಬಿಟ್ಟರೆ ಏನೂ ಇಲ್ಲ.

ಮೇಡಂಗೆ ಆಥರ್ ದರ್ಜೆ ಕೊಟ್ಟೆ. ಅಷ್ಟಕ್ಕೇ ಪ್ಲಗಿನ್ಸ್, ಥೀಮು, ಯೂಸರ್ಸ್, ಸೆಟ್ಟಿಂಗ್ಸ್ ಎಲ್ಲ ಕಣ್ಮರೆ. ಹೆಚ್ಚು ಕಡಿಮೆ ಅರ್ಧ ಮೆನು ಒಂದೇ ಏಟಿಗೆ ಹೋಯಿತು. ‘ನನ್ನಿಂದ ಅಧಿಕಾರ ಕಿತ್ಕೊಂಡ್ರಾ ಸರ್?’ ಅಂತ ಅವರು ನಗುತ್ತಾ ಕೇಳಿದರು. ನಗುವಿನ ಹಿಂದೆ ಸ್ವಲ್ಪ ಬೇಜಾರೂ ಇತ್ತು. ಈ ಮಾತು ಮೊದಲೇ ಆಡಿಕೊಳ್ಳುವುದು ಒಳ್ಳೆಯದು: ‘ಮೇಡಂ, ಕೈ ತಪ್ಪಿ ಸೈಟ್ ಬಿದ್ದರೆ ನಿಮ್ಮ ಮೇಲೆ ಬರಬಾರದು, ಅದಕ್ಕೆ.’

ದರ್ಜೆ ಬದಲಾಯಿಸಿದ ಮೇಲೂ ಉಳಿಯುವ ಮೆನುಗಳನ್ನು ಮರೆಮಾಡಲು ‘ಅಡ್ಮಿನ್ ಮೆನು ಎಡಿಟರ್’ ಥರದ ಪ್ಲಗಿನ್‌ಗಳಿವೆ. ಡ್ಯಾಶ್‌ಬೋರ್ಡ್‌ನಲ್ಲಿರುವ ಸುದ್ದಿ, ಕಾರ್ಯಕ್ರಮಗಳ ಪೆಟ್ಟಿಗೆಗಳನ್ನು ಮೇಲೆ ಬಲಗಡೆಯ ‘ಸ್ಕ್ರೀನ್ ಆಪ್ಷನ್ಸ್’ನಲ್ಲಿ ಟಿಕ್ ತೆಗೆದು ಓಡಿಸಬಹುದು. ಒಂದು ಎಚ್ಚರಿಕೆ. ಮೆನು ಮರೆಮಾಡಿದರೆ ಬಾಗಿಲಿಗೆ ಪರದೆ ಹಾಕಿದಂತೆ ಅಷ್ಟೇ, ಬೀಗ ಹಾಕಿದಂತಲ್ಲ. ವಿಳಾಸ ಗೊತ್ತಿದ್ದವರು ನೇರವಾಗಿ ಒಳಗೆ ಹೋಗಬಹುದು. ಬೀಗ ಅಂದರೆ ದರ್ಜೆಯೇ.

‘ಪೋಸ್ಟ್’ ಬಿಡಿ, ‘ಸೂಚನೆ’ ಅನ್ನಿ

ನನಗೆ ಅತಿ ಹೆಚ್ಚು ಫಲ ಕೊಟ್ಟದ್ದು ಇದು. ಪೋಸ್ಟ್, ಪೇಜ್, ಕೆಟಗರಿ, ಟ್ಯಾಗ್ ಎಲ್ಲ ತಂತ್ರಾಂಶ ಮಾಡಿದವರ ಭಾಷೆ. ಆಫೀಸಿನಲ್ಲಿ ಯಾರೂ ‘ಒಂದು ಪೋಸ್ಟ್ ಹಾಕಿ’ ಅನ್ನುವುದಿಲ್ಲ. ‘ನೋಟಿಸು ಹಾಕಿ’, ‘ಫೋಟೊ ಹಾಕಿ’, ‘ರಿಸಲ್ಟ್ ಹಾಕಿ’ ಅನ್ನುತ್ತಾರೆ. ಮೆನುವಿನಲ್ಲೂ ಅದೇ ಇರಬೇಕು.

ವರ್ಡ್‌ಪ್ರೆಸ್‌ನಲ್ಲಿ ನಮ್ಮದೇ ಬಗೆಯ ಪೋಸ್ಟ್ ಮಾಡಿಕೊಳ್ಳಬಹುದು. ‘ಅಡ್ವಾನ್ಸ್‌ಡ್ ಕಸ್ಟಮ್ ಫೀಲ್ಡ್ಸ್’ ಅನ್ನುವ ಪ್ಲಗಿನ್ ಹಾಕಿದರೆ ಕೋಡ್ ಇಲ್ಲದೆಯೇ ಆಗುತ್ತದೆ. ‘ಸೂಚನೆಗಳು’ ಅಂತ ಒಂದು ಬಗೆ ಮಾಡಿ. ಅದರಲ್ಲಿ ಮೂರೇ ಮೂರು ಜಾಗ ಇಡಿ: ಶೀರ್ಷಿಕೆ, ದಿನಾಂಕ, ಪಿಡಿಎಫ್. ದೊಡ್ಡ ಬರೆಯುವ ಪೆಟ್ಟಿಗೆ ಬೇಡವೇ ಬೇಡ, ಅದನ್ನು ಈ ಬಗೆಯಿಂದ ತೆಗೆದುಬಿಡಿ. ಪಿಡಿಎಫ್ ಜಾಗಕ್ಕೆ ಬೇರೆ ಫೈಲು ಹಾಕಲು ಆಗದಂತೆ, ಇಷ್ಟು ಎಂಬಿಗಿಂತ ದೊಡ್ಡದು ಬೇಡ ಅಂತ ಮಿತಿ ಇಡಬಹುದು.

ಪ್ರತಿ ಜಾಗದ ಜೊತೆಗೂ ಒಂದು ಸಾಲು ಸಲಹೆ ಬರೆಯಲು ಅವಕಾಶ ಇದೆ. ಇದನ್ನು ಖಾಲಿ ಬಿಡಬೇಡಿ. ನಾನು ಬರೆದದ್ದು: ‘ಮೊಬೈಲಿನಲ್ಲಿ ಒಂದೇ ಸಾಲಿನಲ್ಲಿ ಕಾಣುವಷ್ಟು ಚಿಕ್ಕದಾಗಿರಲಿ. ಉದಾಹರಣೆ: 7ನೇ ತರಗತಿ ಪೋಷಕರ ಸಭೆ, ಶನಿವಾರ.’ ‘ಇಲ್ಲಿ ಶೀರ್ಷಿಕೆ ನಮೂದಿಸಿ’ ಅಂತ ಬರೆದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಉದಾಹರಣೆ ಕೊಟ್ಟರೆ ಅದನ್ನೇ ನೋಡಿ ಹಾಗೇ ಬರೆಯುತ್ತಾರೆ.

ಇಡೀ ಅಡ್ಮಿನ್ ಪರದೆಯನ್ನೇ ಕನ್ನಡಕ್ಕೆ ಬದಲಾಯಿಸಬಹುದಲ್ವಾ? ಆಗುತ್ತದೆ. 2016ರ ಡಿಸೆಂಬರ್‌ನ 4.7 ಆವೃತ್ತಿಯಿಂದ ಒಬ್ಬೊಬ್ಬರೂ ತಮ್ಮ ಪ್ರೊಫೈಲ್‌ನಲ್ಲಿ ತಮಗೆ ಬೇಕಾದ ಭಾಷೆ ಆರಿಸಿಕೊಳ್ಳಬಹುದು. ಮೇಡಂಗೆ ಕನ್ನಡ ಮಾಡಿಕೊಟ್ಟೆ. ಎರಡೇ ದಿನಕ್ಕೆ ‘ಸರ್, ಮೊದಲಿನ ಥರಾನೇ ಇರಲಿ’ ಅಂದರು. ಪ್ಲಗಿನ್‌ಗಳ ಮಾತು ಇಂಗ್ಲಿಷಿನಲ್ಲೇ ಉಳಿದು ಪರದೆ ಅರ್ಧಂಬರ್ಧ ಆಗಿತ್ತು. ಫೋನಿನಲ್ಲಿ ನೋಡಿ ನೋಡಿ ‘ಅಪ್‌ಲೋಡ್’, ‘ಡಿಲೀಟ್’ ಅವರಿಗೆ ಪಳಗಿದ ಪದಗಳಾಗಿದ್ದವು. ಅವುಗಳ ಬದಲು ಬಂದ ಕನ್ನಡ ಪದಗಳನ್ನೇ ಅವರು ಮತ್ತೆ ಕಲಿಯಬೇಕಿತ್ತು. ಕನ್ನಡದ ಮೇಲಿನ ಪ್ರೀತಿಗೆ ನಾನು ಹಠ ಹಿಡಿಯಲಿಲ್ಲ. ನಾವು ಇಡುವ ಹೆಸರುಗಳು ಮಾತ್ರ ಕನ್ನಡದಲ್ಲಿವೆ: ‘ಹೊಸ ಸೂಚನೆ ಹಾಕಿ’.

ಕನ್ನಡ ಸೈಟಿಗೇ ಇರುವ ಎರಡು ಕಾಟ

ಒಂದು, ಹಳೇ ಫಾಂಟು. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೇ ಎನ್‌ಕೋಡಿಂಗ್‌ನಲ್ಲಿ (ಅಕ್ಷರ ಉಳಿಸುವ ಹಳೇ ಪದ್ಧತಿ) ಟೈಪ್ ಮಾಡಿದ ಪತ್ರವನ್ನು ಕಾಪಿ ಮಾಡಿ ಸೈಟಿಗೆ ಹಾಕಿದರೆ ರೋಮನ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ. ಟೈಪ್ ಮಾಡಿದವರು ಗಾಬರಿಯಾಗಿ ಎಲ್ಲ ಅಳಿಸುತ್ತಾರೆ. ನುಡಿಯಲ್ಲೇ ಎಲ್ಲ ಕಡೆ ಸರಿಯಾಗಿ ಕಾಣುವ ಯುನಿಕೋಡ್ ಆಯ್ಕೆ ಇದೆ. ಅದನ್ನು ಆ ಕಂಪ್ಯೂಟರಿನಲ್ಲಿ ನೀವೇ ಆರಿಸಿಟ್ಟು ಬನ್ನಿ. ಜೊತೆಗೆ ಶೀರ್ಷಿಕೆ ಜಾಗದ ಸಲಹೆಯಲ್ಲಿ ‘ಅಕ್ಷರ ವಿಚಿತ್ರವಾಗಿ ಕಂಡರೆ ನುಡಿಯಲ್ಲಿ ಯುನಿಕೋಡ್ ಆರಿಸಿ’ ಅಂತ ಸೇರಿಸಿ.

ಇನ್ನೊಂದು ಲಿಂಕಿನ ಸಮಸ್ಯೆ. ಶೀರ್ಷಿಕೆ ಕನ್ನಡದಲ್ಲಿದ್ದರೆ ಲಿಂಕಿನ ಬಾಲವೂ ಕನ್ನಡದಲ್ಲೇ ತಯಾರಾಗುತ್ತದೆ. ಒಳಗೆ ಒಂದೊಂದು ಕನ್ನಡ ಚಿಹ್ನೆಯೂ 9 ಅಕ್ಷರಗಳ ಸಂಕೇತವಾಗಿ ಕೂರುತ್ತದೆ. ಬಾಲಕ್ಕೆ ಇರುವ ಜಾಗ ಅಂಥ 200 ಅಕ್ಷರ. ಅಂದರೆ 22 ಚಿಹ್ನೆಗೇ ಮುಗಿಯಿತು. ಕಾಗುಣಿತ, ಒತ್ತು ಎಲ್ಲ ಬೇರೆ ಬೇರೆ ಲೆಕ್ಕ, ಹಾಗಾಗಿ ಮೂರು ನಾಲ್ಕು ಪದಕ್ಕೇ ಲಿಂಕು ಕತ್ತರಿಸಿಹೋಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಹಂಚಿದರೆ ಶೇಕಡಾ ಚಿಹ್ನೆಗಳ ರೈಲು. ಸೆಟ್ಟಿಂಗ್ಸ್‌ನ ಪರ್ಮಾಲಿಂಕ್ಸ್‌ನಲ್ಲಿ ಪೋಸ್ಟುಗಳಿಗೆ ಹೆಸರಿನ ಬದಲು ಸಂಖ್ಯೆ ಬರುವಂತೆ ಮಾಡಬಹುದು. ‘ಸೂಚನೆಗಳು’ ಥರ ನಾವೇ ಮಾಡಿದ ಬಗೆಗೆ ಅದು ತಾನಾಗಿ ಅನ್ವಯಿಸುವುದಿಲ್ಲ, ಡೆವಲಪರ್ ಕೈಲಿ ಒಂದೆರಡು ಸಾಲು ಸೇರಿಸಬೇಕು. ಆಮೇಲೆ ಮೇಡಂ ಲಿಂಕಿನ ಯೋಚನೆಯೇ ಮಾಡಬೇಕಿಲ್ಲ.

ತಪ್ಪಾದರೆ ವಾಪಸ್ ಬರುವ ದಾರಿ

ಹೊಸಬರು ನಿಧಾನ ಆಗುವುದು ದಡ್ಡತನಕ್ಕಲ್ಲ, ಹೆದರಿಕೆಗೆ. ಏನಾದರೂ ಒತ್ತಿ ಎಲ್ಲ ಹೋದರೆ? ಅದಕ್ಕೆ ಮೊದಲ ದಿನವೇ ಅವರ ಕೈಯಲ್ಲೇ ಒಂದು ಸೂಚನೆ ಡಿಲೀಟ್ ಮಾಡಿಸಿ, ‘ಟ್ರ್ಯಾಶ್’ನಿಂದ ವಾಪಸ್ ತರಿಸಿ. ಅಲ್ಲಿ 30 ದಿನ ಇರುತ್ತದೆ.

ಆದರೆ ಫೈಲುಗಳು ಕೂರುವ ಮೀಡಿಯಾ ಲೈಬ್ರರಿಗೆ ಈ ಸೌಲಭ್ಯ ಇಲ್ಲ. ಅಲ್ಲಿ ಫೋಟೊ, ಪಿಡಿಎಫ್ ಅಳಿಸಿದರೆ ಹೋಯಿತು ಅಂತಲೇ. ಇದನ್ನು ಬಾಯಲ್ಲೇ ಎರಡು ಸಲ ಹೇಳಿ.

ಫೈಲಿನ ವಿಷಯದಲ್ಲಿ ನಾನು ಬೈಸಿಕೊಂಡ ಕತೆ ಇನ್ನೊಂದಿದೆ. ಫೀಸ್ ಪಟ್ಟಿ ಬದಲಾಯಿತು. ಮೇಡಂ ಹಳೇ ಹೆಸರಿನಲ್ಲೇ ಹೊಸ ಪಿಡಿಎಫ್ ಹಾಕಿದರು. ಹಳೆಯದರ ಮೇಲೆ ಕೂರುತ್ತೆ ಅಂತ ಯಾರಾದರೂ ಅಂದುಕೊಳ್ಳುತ್ತಾರೆ. ವರ್ಡ್‌ಪ್ರೆಸ್ ಹಾಗೆ ಮಾಡುವುದಿಲ್ಲ. ಹೊಸದರ ಹೆಸರಿನ ಕೊನೆಗೆ ಒಂದು ಅಡ್ಡಗೆರೆ, 1 ಸೇರಿಸಿ ಬೇರೆ ಫೈಲಾಗಿ ಇಡುತ್ತದೆ. ಹಳೇ ಲಿಂಕು ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಓಡಾಡುತ್ತಲೇ ಇತ್ತು. ಹಳೇ ಫೀಸ್ ತಂದ ಪೋಷಕರು ಕೌಂಟರಿನಲ್ಲಿ ಜಗಳ, ಹಿಂದೆ ಕ್ಯೂ. ‘ಎನೇಬಲ್ ಮೀಡಿಯಾ ರಿಪ್ಲೇಸ್’ ಪ್ಲಗಿನ್ ಹಾಕಿದ ಮೇಲೆ ಅದೇ ಹೆಸರು, ಅದೇ ಲಿಂಕು ಉಳಿಸಿಕೊಂಡು ಫೈಲು ಮಾತ್ರ ಬದಲಾಯಿಸಬಹುದಾಯಿತು.

ಬೀಗುವ ಮೊದಲು

ವರ್ಡ್‌ಪ್ರೆಸ್‌ನವರೂ ಇದನ್ನು ಪೆಟ್ಟು ತಿಂದೇ ಕಲಿತರು. 2008ರ ಮಾರ್ಚ್‌ನಲ್ಲಿ 2.5 ಆವೃತ್ತಿಯಲ್ಲಿ ಅಡ್ಮಿನ್ ಪರದೆ ಪೂರ್ತಿ ಹೊಸದಾಗಿ ಬಂತು. ಬಳಸುವವರನ್ನು ಕೂರಿಸಿ ನೋಡಿದ ಮೇಲೆ ಅದೇ ಡಿಸೆಂಬರ್‌ನ 2.7ರಲ್ಲಿ ಮತ್ತೆ ಬದಲಾಯಿಸಿದರು. ಎಡಗಡೆಯ ಉದ್ದ ಮೆನು ಬಂದದ್ದು ಆಗಲೇ.

ಹಾಗಾಗಿ ನಿಮ್ಮ ಕೆಲಸವೂ ಒಂದೇ ಸಲಕ್ಕೆ ಮುಗಿಯುವುದಿಲ್ಲ. ಪ್ಲಗಿನ್ ಅಪ್‌ಡೇಟ್ ಆದಾಗೆಲ್ಲ ಹೊಸ ಮೆನುವೋ ಜಾಹೀರಾತು ಪಟ್ಟಿಯೋ ತಲೆ ಎತ್ತುತ್ತದೆ. ಅಡ್ಮಿನ್ ಲಾಗಿನ್‌ನಲ್ಲಿ ಕೂತು ನೋಡಿದರೆ ಅವರಿಗೆ ಏನು ಕಾಣುತ್ತಿದೆ ಅಂತ ಗೊತ್ತಾಗುವುದಿಲ್ಲ. ‘ಯೂಸರ್ ಸ್ವಿಚಿಂಗ್’ ಅನ್ನುವ ಪ್ಲಗಿನ್ ಇದೆ, ಪಾಸ್‌ವರ್ಡ್ ಕೇಳದೆ ಅವರ ಖಾತೆಗೆ ಹೊಕ್ಕು ಅವರ ಪರದೆಯನ್ನೇ ತೋರಿಸುತ್ತದೆ. ಅಪ್‌ಡೇಟ್ ಮಾಡಿದ ದಿನ ಎರಡು ನಿಮಿಷ ಹಾಗೆ ಒಳಹೊಕ್ಕು ಒಂದು ಸೂಚನೆ ಹಾಕಿ, ಅಳಿಸಿ ಬನ್ನಿ.

ನಮ್ಮ ಮೇಡಂ ಪರದೆಯಲ್ಲಿ ಈಗ ನಾಲ್ಕು ಸಾಲು ಇವೆ: ಸೂಚನೆಗಳು, ಫೋಟೊಗಳು, ಫಲಿತಾಂಶ, ಪ್ರೊಫೈಲ್. ಹೋದ ವಾರ ಫೋನ್ ಮಾಡಿದ್ದರು. ‘ಸರ್, ಆ ಪ್ರೊಫೈಲ್ ನಾನು ಒತ್ತೋದೇ ಇಲ್ಲ. ಅದೂ ತೆಗೀಬಹುದಲ್ವಾ?’ ಪಾಸ್‌ವರ್ಡ್ ಬದಲಾಯಿಸೋಕೆ ಬೇಕಾಗುತ್ತೆ, ಇರಲಿ ಮೇಡಂ ಅಂದೆ.