ಏರ್ ಪಿಸ್ತೂಲ್: ಬ್ರ್ಯಾಂಡ್ ಬಿಡಿ, ಗ್ರಿಪ್ ನೋಡಿ

ಯಾವ ಏರ್ ಪಿಸ್ತೂಲ್ ತಗೊಳ್ಳಲಿ ಅಂತ ಕೇಳುವವರು ಈಗ ಜಾಸ್ತಿ. 2024ರಲ್ಲಿ ಮನು ಭಾಕರ್ ಪ್ಯಾರಿಸ್‌ನಿಂದ ಎರಡು ಕಂಚು ತಂದ ಮೇಲಂತೂ ಕಲಬುರಗಿಯಲ್ಲೂ ಪರಿಚಯದವರು ಬಿಡೋದೇ ಇಲ್ಲ. ಮೊರಿನಿನಾ, ಸ್ಟೇಯರಾ, ವಾಲ್ಥರಾ? ಮೂರೂ ಒಳ್ಳೆಯವೇ. ನನ್ನಂಥವರ ಅಂಕ ಹೋಗೋದು ಬ್ಯಾರಲ್‌ನಿಂದಲ್ಲ, ಗ್ರಿಪ್‌ನಿಂದ, ಅಂದ್ರೆ ಕೈಯಲ್ಲಿ ಹಿಡಿಯುವ ಕಟ್ಟಿಗೆ ಹಿಡಿಕೆಯಿಂದ. ಹಾಗಾಗಿ ನಾನು ಹೆಚ್ಚು ಹೊತ್ತು ಕಳೆದಿದ್ದು ಅದರ ಮೇಲೆಯೇ.

10 ಮೀಟರ್ ದೂರದಲ್ಲಿ ಹತ್ತು ಅಂಕದ ಉಂಗುರದ ಅಗಲ ಬರೀ 11.5 ಮಿ.ಮೀ. ಗುರಿ ನೋಡೋದಕ್ಕೆ ಪಿಸ್ತೂಲಿನ ಮೇಲೆ ಹಿಂದೊಂದು, ಮುಂದೊಂದು ಸೈಟ್ ಇರುತ್ತವೆ. ಹಿಂದಿನ ಸೈಟ್‌ನ ಸಂದಿಯಲ್ಲಿ ಮುಂದಿನ ಸೈಟ್ ಒಂದು ಮಿ.ಮೀ. ಪಕ್ಕಕ್ಕೆ ಸರಿದರೂ ಗುಂಡು ಸುಮಾರು ಮೂರು ಸೆಂ.ಮೀ. ಆಚೆ ಹೋಗಿ ಬೀಳುತ್ತದೆ. ಕೈ ಸ್ವಲ್ಪ ಅಲ್ಲಾಡಿದರೆ ಇಷ್ಟು ನಷ್ಟ ಇಲ್ಲ, ಸೈಟ್ ಎರಡೂ ಸರಿಯಾಗಿ ಕೂತಿದ್ದರೆ ಸಾಕು. ಅವು ತಾವಾಗಿಯೇ ಕೂರಬೇಕು ಅಂದ್ರೆ ಗ್ರಿಪ್ ನಿಮ್ಮ ಅಂಗೈಗೆ ಹೊಂದಿರಬೇಕು.

ನಾನು ನೋಡುವ ರೀತಿ ಹೀಗೆ. ಒತ್ತಿದ ಗಾಳಿ ತುಂಬಿರುವ ಸಿಲಿಂಡರ್ ಬಿಚ್ಚಿಡುತ್ತೇನೆ, ಗುಂಡು ಕೂರುವ ಚೇಂಬರ್ ಖಾಲಿ ಇದೆಯಾ ಅಂತ ಕಣ್ಣಲ್ಲಿ ನೋಡುತ್ತೇನೆ, ಆಚೆ ಯಾರೂ ಇಲ್ಲದ ಗೋಡೆ ಕಡೆ ನಿಲ್ಲುತ್ತೇನೆ. ಕಣ್ಣು ಮುಚ್ಚಿ ಕೈ ಎತ್ತಿ, ಆರಾಮಾಗಿ ಹಿಡಿದು, ಕಣ್ಣು ಬಿಡುತ್ತೇನೆ. ಮುಂದಿನ ಸೈಟ್ ಪ್ರತಿ ಸಲ ಒಂದೇ ಕಡೆ ವಾಲಿದ್ದರೆ ತಪ್ಪು ಮಣಿಕಟ್ಟಿನದ್ದಲ್ಲ, ಕಟ್ಟಿಗೆಯದ್ದು. ಮಣಿಕಟ್ಟು ತಿರುಚಿ ಸರಿ ಮಾಡಿಕೊಂಡರೆ ಮ್ಯಾಚ್‌ನ ಅರವತ್ತು ಶಾಟ್‌ವರೆಗೆ ಅದು ನಿಲ್ಲೋದಿಲ್ಲ.

ನನ್ನ ಗ್ರಿಪ್‌ನಲ್ಲಿ ಅಂಗೈ ಗುಳಿ ಹತ್ತಿರ ಸಂದು ಇತ್ತು. ಬಡಿಗರು ಬಳಸುವ ಕಟ್ಟಿಗೆ ಪುಟ್ಟಿಯನ್ನೇ ತಂದು ಅಲ್ಲಿ ತೆಳುವಾಗಿ ಹಚ್ಚಿದೆ, ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹಾಕಿ ಒಮ್ಮೆ ಗಟ್ಟಿಯಾಗಿ ಹಿಡಿದೆ, ಅಂಗೈ ಅಚ್ಚು ಬಿತ್ತು. ಒಣಗಿದ ಮೇಲೆ ಸ್ಯಾಂಡ್‌ಪೇಪರ್‌ನಿಂದ ಉಜ್ಜುವುದು, ಹಿಡಿದು ನೋಡುವುದು, ಮತ್ತೆ ಉಜ್ಜುವುದು. ನಮ್ಮೂರ ಬಿಸಿಲಲ್ಲಿ ಪುಟ್ಟಿ ಬೇಗ ಒಣಗುತ್ತದೆ, ಅದೊಂದೇ ಲಾಭ. ನಮ್ಮ ಓಣಿಯ ಬಡಿಗ ಕಾಕಾ ನೋಡಿ, "ಸರ, ಇದು ಖರೇ ಪಿಸ್ತೂಲ್ ಅದ ಏನ್ರಿ?" ಅಂತ ಕೇಳಿ, ಉತ್ತರ ಬರೋ ಮೊದಲೇ ಒಂದು ಸಣ್ಣ ಅರ ಕೈಗಿಟ್ಟರು. ಬೆರಳಿನ ಕಡೆ ಕೆತ್ತೋದಕ್ಕೆ ಸ್ಯಾಂಡ್‌ಪೇಪರ್‌ಗಿಂತ ಅದೇ ಚೆನ್ನಾಗಿತ್ತು. ಟ್ರಿಗರ್ ಬೆರಳು ಕಟ್ಟಿಗೆಗೆ ತಾಗಲೇಬಾರದು, ತಾಗಿದರೆ ಬೆರಳು ಎಳೆದಾಗ ಪಿಸ್ತೂಲೇ ಪಕ್ಕಕ್ಕೆ ತಳ್ಳಿಸಿಕೊಳ್ಳುತ್ತದೆ.

ಆದರೆ ಸುಮ್ನೆ ಹಚ್ಚುತ್ತಾ ಹೋಗುವ ಹಾಗಿಲ್ಲ. ಮ್ಯಾಚ್‌ನಲ್ಲಿ ಪಿಸ್ತೂಲ್ 420×200×50 ಮಿ.ಮೀ. ಡಬ್ಬಿಯೊಳಗೆ ಹಿಡಿಯಬೇಕು, ತೂಕ 1.5 ಕಿಲೋ ದಾಟಬಾರದು, ಮಣಿಕಟ್ಟಿಗೆ ಗ್ರಿಪ್ ಆಸರೆ ಆಗಬಾರದು. ಟ್ರಿಗರ್ 500 ಗ್ರಾಂಗಿಂತ ಹಗುರ ಇರಬಾರದು. ಮನೆಯಲ್ಲಿ ಅರ್ಧ ಕಿಲೋ ತೂಕದ ಬಟ್ಟಿಗೆ ದಾರ ಕಟ್ಟಿ, ಬ್ಯಾರಲ್ ನೆಟ್ಟಗೆ ಮೇಲೆ ಮಾಡಿ, ಟ್ರಿಗರ್‌ನಿಂದ ಎತ್ತಿ ನೋಡಬಹುದು. ನಾನು ಒಂದಿಷ್ಟು ಗ್ರಾಂ ಹೆಚ್ಚೇ ಇಡುತ್ತೇನೆ. ಚೆಕಿಂಗ್ ಟೇಬಲ್ ಮುಂದೆ ಎದೆ ಬಡಿತ ಯಾರಿಗೆ ಬೇಕು?

ಇನ್ನು ಬಿಸಿಲು. ಮೇ ತಿಂಗಳಲ್ಲಿ 42 ಡಿಗ್ರಿ ನಮಗೆ ಹೊಸದಲ್ಲ. ಅಂಗೈ ಬೆವರಿ ಜಾರುತ್ತದೆ, ಸಂಜೆ ಹೊತ್ತಿಗೆ ಕೈ ಒಂಚೂರು ಊದಿಕೊಂಡ ಹಾಗಿರುತ್ತದೆ. ಅದಕ್ಕೇ ಗ್ರಿಪ್ ಉಜ್ಜುವ ಕೆಲಸ ಬೆಳಿಗ್ಗೆ ಮತ್ತು ಸಂಜೆ ಎರಡೂ ಹೊತ್ತು ಹಿಡಿದು ನೋಡಿ ಮುಗಿಸಿದೆ. ತುಂಬಿದ ಸಿಲಿಂಡರ್‌ನಲ್ಲಿ 200 ಬಾರ್ ಒತ್ತಡ ಇರುತ್ತದೆ, ನಿಲ್ಲಿಸಿದ ಕಾರಿನಲ್ಲಿ ಅದನ್ನು ಬಿಟ್ಟು ಹೋಗಬೇಡಿ. ಸಿಲಿಂಡರ್ ಮೇಲಿನ ತಾರೀಖೂ ನೋಡಿ, ಹತ್ತು ವರ್ಷ ದಾಟಿದ್ದನ್ನು ಮ್ಯಾಚ್‌ನಲ್ಲಿ ಬಿಡೋದಿಲ್ಲ.

ಒಯ್ಯುವ ವಿಚಾರ. 4.5 ಮಿ.ಮೀ.ನ, 20 ಜೂಲ್‌ಗಿಂತ ಕಡಿಮೆ ಶಕ್ತಿಯ ಏರ್ ಪಿಸ್ತೂಲಿಗೆ ಲೈಸೆನ್ಸ್ ಬೇಕಿಲ್ಲ. ಆದರೂ ವಾಡಿ ಜಂಕ್ಷನ್ ಪ್ಲಾಟ್‌ಫಾರ್ಮ್‌ನಲ್ಲಿ ಪೆಟ್ಟಿಗೆ ತೆರೆದರೆ ನೋಡುವವರಿಗೆ ಅದು ಪಿಸ್ತೂಲೇ ಅಲ್ವಾ! ಒಳಗೆ ಗಟ್ಟಿ ಫೋಮ್ ಇರುವ, ಬೀಗ ಬೀಳುವ ಪೆಟ್ಟಿಗೆ ತಗೊಳ್ಳಿ. ಬ್ಯಾರಲ್‌ನಲ್ಲಿ ಸೇಫ್ಟಿ ಫ್ಲ್ಯಾಗ್ (ಒಳಗೆ ಗುಂಡಿಲ್ಲ ಅಂತ ತೋರಿಸುವ ಬಣ್ಣದ ದಾರ), ಸಿಲಿಂಡರ್ ಬೇರೆ ಗುಳಿಯಲ್ಲಿ, ಮುಚ್ಚಳದ ಒಳಗೆ ಬಿಲ್ ಮತ್ತು ಗುರುತಿನ ಚೀಟಿಯ ಜೆರಾಕ್ಸ್. ಸೊಂಟಕ್ಕೆ ಹೋಲ್ಸ್ಟರ್ ಹಾಕಿಕೊಂಡು ಫೋಟೊ ತೆಗೆಸಿಕೊಳ್ಳುವ ಹುಡುಗರನ್ನು ನೋಡಿದ್ದೇನೆ. ನಮ್ಮ ಆಟದಲ್ಲಿ ಹೋಲ್ಸ್ಟರ್‌ಗೆ ಕೆಲಸವೇ ಇಲ್ಲ. ಆ ದುಡ್ಡಿಗೆ ಪೆಲೆಟ್ ಕೊಳ್ಳಿ. ಪೆಲೆಟ್ ಅಂದ್ರೆ ಸೀಸದ ಸಣ್ಣ ಗುಂಡು, ಪ್ರಾಕ್ಟೀಸ್ ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆದೇ ರೊಟ್ಟಿ ಮುಟ್ಟಿ.