ತಾಯಂದಿರ ಆರೋಗ್ಯದ ಅಂಕಿಅಂಶಗಳಲ್ಲಿ ಅಸಮಾನತೆಯನ್ನು ಗುರುತಿಸುವ ಬಗೆ

ತಾಯಿ ಮರಣ ಪ್ರಮಾಣವೆಂದರೆ ಗರ್ಭಾವಸ್ಥೆಯಲ್ಲಿ ಅಥವಾ ಅದು ಮುಗಿದ 42 ದಿನಗಳೊಳಗೆ, ಗರ್ಭಕ್ಕೆ ಸಂಬಂಧಿಸಿದ ಕಾರಣಗಳಿಂದ, ಪ್ರತಿ 1,00,000 ಜೀವಂತ ಜನನಗಳಿಗೆ ಸಂಭವಿಸುವ ತಾಯಂದಿರ ಸಾವುಗಳ ಸಂಖ್ಯೆ. ಇದರ ಸರಾಸರಿಯನ್ನಷ್ಟೇ ನೋಡಿ ನಿಲ್ಲಬೇಡಿ. ಮೊದಲು ಅದನ್ನು ಆದಾಯ, ಶಿಕ್ಷಣ, ವಾಸಸ್ಥಳ ಮತ್ತು ಸಮುದಾಯದ ಪ್ರಕಾರ ಬಿಡಿಸಿ. ಹಾಗೆ ಬಿಡಿಸಿದಾಗ ಪ್ರತಿ ಗುಂಪಿನಲ್ಲೂ ಸಾವುಗಳ ಸಂಖ್ಯೆ ಚಿಕ್ಕದಾಗಿ ಪ್ರಮಾಣವು ವರ್ಷದಿಂದ ವರ್ಷಕ್ಕೆ ಏರುಪೇರಾಗುವುದರಿಂದ, ಹಲವು ವರ್ಷಗಳ ಮಾಹಿತಿಯನ್ನು ಒಟ್ಟುಗೂಡಿಸಬೇಕು.

ಬಳಿಕ ಸೇವೆಗಳನ್ನು ಪರಿಶೀಲಿಸಿ. ವಿಶ್ವ ಆರೋಗ್ಯ ಸಂಸ್ಥೆಯು 2016ರಲ್ಲಿ ಪ್ರಸವಪೂರ್ವ ಅವಧಿಯಲ್ಲಿ ಕನಿಷ್ಠ 8 ಭೇಟಿಗಳನ್ನು ಶಿಫಾರಸು ಮಾಡಿದೆ. ಆದರೆ ಭೇಟಿಗಳ ಎಣಿಕೆಗಿಂತ, ರಕ್ತದೊತ್ತಡವನ್ನು ಅಳೆದರೇ, ರಕ್ತ ಮತ್ತು ಮೂತ್ರವನ್ನು ಪರೀಕ್ಷಿಸಿದರೇ ಎಂಬುದೇ ನನ್ನ ದೃಷ್ಟಿಯಲ್ಲಿ ಹೆಚ್ಚು ಮುಖ್ಯ. ಸಿಸೇರಿಯನ್ ಹೆರಿಗೆಯ ವಿಷಯದಲ್ಲಂತೂ ಹೆಚ್ಚಿದ್ದಷ್ಟೂ ಒಳ್ಳೆಯದೆಂದು ಭಾವಿಸಲಾಗದು: ಬಡವರಿಗೆ ಅಗತ್ಯವಿದ್ದಾಗಲೂ ಅದು ದೊರೆಯದಿರಬಹುದು, ಸಿರಿವಂತರಲ್ಲಿ ಅನಗತ್ಯವಾಗಿಯೂ ನಡೆಯಬಹುದು.

ಪ್ರತಿ ಸಾವಿನ ವಿಚಾರಣೆಯಲ್ಲೂ ಮೂರು ವಿಳಂಬಗಳನ್ನು ಹುಡುಕಿ: ನೆರವು ಪಡೆಯಲು ನಿರ್ಧರಿಸುವುದರಲ್ಲಿ, ಆಸ್ಪತ್ರೆ ತಲುಪುವುದರಲ್ಲಿ, ತಲುಪಿದ ಮೇಲೆ ಚಿಕಿತ್ಸೆ ದೊರೆಯುವುದರಲ್ಲಿ. ಮೊದಲನೆಯದನ್ನು ಕುಟುಂಬದ ಅಜ್ಞಾನವೆಂದು ಬರೆದು ಕಡತ ಮುಚ್ಚುವುದು ಸುಲಭ. ಹಣದ ಭಯ ಅಥವಾ ಹಿಂದೆ ಸಿಬ್ಬಂದಿಯಿಂದ ಅನುಭವಿಸಿದ ಅವಮಾನ ಅದರ ಹಿಂದಿತ್ತೇ ಎಂದು ಮನೆಯವರನ್ನೇ ಕೇಳಿ. ಮನೆಯಲ್ಲಿ ಸಂಭವಿಸಿ ನೋಂದಣಿಯಾಗದ ಸಾವುಗಳನ್ನೂ ವಿಚಾರಿಸಿ ಸೇರಿಸಿಕೊಳ್ಳಿ.